ಹಿಂದಿನ ಅಚ್ಚಿಗೆ ಹೊಸ ಮುಚ್ಚಳ: ಕೊಳ್ಳುವುದು ಯುಕ್ತವೆ?

ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಅಂಕವನ್ನು ಕಳೆಯುವುದು ನಮ್ಮ ವೃತ್ತಿಯ ಒಂದು ಅಂಗ. ಆದರೆ ತಪ್ಪು ಉತ್ತರ ಹೇಳಿದ ಅಧ್ಯಾಪಕನ ಅಂಕವನ್ನು ಕಳೆಯುವವರು ಯಾರು? ಅಂತಹವರು ಯಾರೂ ಇಲ್ಲದಿರುವುದರಿಂದ ಆ ಕೆಲಸವನ್ನು ಅವನೇ ಮಾಡಿಕೊಳ್ಳಬೇಕಾಗುತ್ತದೆ. ಈ ಲೇಖನ ಅಂತಹ ಒಂದು ಪ್ರಯತ್ನವೆಂದು ಓದುಗರು ಭಾವಿಸಬೇಕು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಅರಿಜೋನ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಆತ ಒಂದು ಹಳೆಯ ಪಿಕಪ್ ಟ್ರಕ್ಕನ್ನು ಕೊಂಡುಕೊಂಡ. ರಜೆಯ ದಿನಗಳಲ್ಲಿ ಸಂಸಾರ ಸಮೇತನಾಗಿ ಸುತ್ತಾಡಲು ಅದರ ಹಿಂದೆ ಒಂದು ಟ್ರೈಲರನ್ನು ಕಟ್ಟಿಕೊಂಡು ಹೋಗುವುದು ಅವನ ಉದ್ದೇಶ. ವಾಹನದ ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆ ಇರುತ್ತದೆಯಷ್ಟೆ. ಅದರ ಹಿಂಬದಿಯನ್ನು ಮುಚ್ಚುವ ಉಕ್ಕಿನ ತಗಡಿನ ಮುಚ್ಚಳವನ್ನು ತೆಗೆದುಹಾಕಿ, ಬೇರೆ ಕಂಪನಿಯವರು ತಯಾರಿಸಿ ಮಾರುವ ದಪ್ಪನಾದ ಅಲ್ಯುಮಿನಿಯಮ್ ಮುಚ್ಚಳವನ್ನು ಹಾಕಿಸಿದರೆ ಗೇರುಗಳು ತಂಪಾಗಿದ್ದು ಬಹುಕಾಲ ಬಾಳುತ್ತವೆ ಎಂದು ಅವನ ಸ್ನೇಹಿತರು ಹೇಳಿದರಂತೆ. ಬೆಲೆ ಸುಮಾರು ಮುನ್ನೂರು ಡಾಲರು. “ಸರ್, ಇದರಲ್ಲಿ ಸತ್ಯಾಂಶವಿದೆಯೆ? ಕೊಳ್ಳಲೆ, ಬಿಡಲೆ?” ಎಂದು ಆತ ನಮ್ಮನ್ನು ಕೇಳಿದ.

ನಾವು ಎರಡು ತರಗತಿಗಳ ನಡುವಣ ಬಿಡುವಿನಲ್ಲಿ ಉತ್ತರ ಬರೆದೆವು. ಅಲ್ಯುಮಿನಿಯಮ್ ಉಕ್ಕಿಗಿಂತ ಮೂರು ಮಡಿ ಉತ್ತಮವಾದ ಉಷ್ಣವಾಹಕ. ಮುಚ್ಚಳದ ಹೊರಮೈಯಲ್ಲಿ ರೆಕ್ಕೆಗಳಿವೆ. ಒಳಗೆ ಹೆಚ್ಚು ಎಣ್ಣೆ ಹಿಡಿಯುತ್ತದೆ. ಆದುದರಿಂದ ಧಾರಾಳವಾಗಿ ಕೊಳ್ಳಬಹುದು. ಇದು ನಮ್ಮ ಉತ್ತರ. ಆತ ಕೊಂಡುಕೊಂಡ. ಕೆಲವು ತಿಂಗಳ ಅನಂತರ ಅವನಿಂದ ಕೃತಜ್ಞತೆಯ ಪತ್ರವೂ ಬಂದಿತು. ದೂರದಿಂದಲೇ ಉಷ್ಣತೆಯನ್ನು ಅಳೆಯುವ ಅವರಕ್ತ ಮಾಪಕವನ್ನು ಹಿಡಿದು ನೋಡಿದನಂತೆ. ಹಳೆಯ ಮುಚ್ಚಳಕ್ಕೆ ಹೋಲಿಸಿದರೆ ಹೊಸದು ಎಷ್ಟೋ ತಣ್ಣಗಿದ್ದಿತಂತೆ.

ನಮಗಾದ ಹಿಗ್ಗನ್ನು ಹೇಳಬೇಕಾದುದಿಲ್ಲ. ಭೌತಶಾಸ್ತ್ರ ದಿನಬಳಕೆಗೆ ಹೇಗೆ ಒದಗುತ್ತದೆಂಬುದಕ್ಕೆ ಉದಾಹರಣೆಯಾಗಿ ಆ ಪತ್ರವನ್ನು ತರಗತಿಯಲ್ಲಿ ಓದಿಯೂ ಬಿಟ್ಟೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಹೊಳೆಯುವ ಲೋಹದ ಉಷ್ಣತೆಯನ್ನು ಆ ಮಾಪಕ ಸರಿಯಾಗಿ ತೋರಿಸುತ್ತದೆಯೆ?” ಎಂದು ಕೇಳಿದಳು. ಪ್ರಶ್ನೆ ಚಿಕ್ಕದು. ಆದರೆ ಅದು ನಮ್ಮ ಇಡೀ ಉತ್ತರದ ಬುಡವನ್ನೇ ಅಲ್ಲಾಡಿಸಿತು. ಅಂದು ಸಂಜೆ ನಾವು ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತು, ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆವು. ಅದರ ಫಲವನ್ನು ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ಡಿಫರೆನ್ಷಿಯಲ್ ಎಂದರೇನು ಎಂಬುದನ್ನು ನೆನಪಿಗೆ ತಂದುಕೊಳ್ಳೋಣ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ತಂತಮ್ಮ ಪಾಡಿಗೆ ಅಚ್ಚಿನ ಮೇಲೆ ಸುತ್ತುತ್ತವೆ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಕ್ರಮಿಸುತ್ತವೆ. ಅದರಿಂದ ಯಾವ ತೊಡಕೂ ಇಲ್ಲ, ಏಕೆಂದರೆ ಗಾಡಿಯನ್ನು ಎಳೆಯುವುವು ಎತ್ತುಗಳು. ಮೋಟಾರು ವಾಹನದಲ್ಲಾದರೋ ಎಂಜಿನ್ನು ಚಕ್ರಗಳನ್ನೇ ತಿರುಗಿಸಬೇಕು. ಎರಡು ಚಕ್ರಗಳಿಗೂ ಬಲ ಮುಟ್ಟಬೇಕು. ಆದರೂ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಅಡ್ಡಿಯಾಗಬಾರದು. ಈ ಸಮಸ್ಯೆಯನ್ನು ಬಿಡಿಸುವ ಗೇರುಗಳ ಜೋಡಣೆಯನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1820ರ ದಶಕದಲ್ಲಿಯೇ ಉಗಿಬಂಡಿಗಾಗಿ ರೂಪಿಸಿದ. ಇಂದಿನ ಡಿಫರೆನ್ಷಿಯಲ್ ಅದರ ಸಂತತಿಯೇ.

ಎಂಜಿನ್ನಿನಿಂದ ಉದ್ದಕ್ಕೆ ಬರುವ ದಂಡದ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಇರುತ್ತದೆ. ಅದು ಕ್ರೌನ್ ಎಂದು ಮೆಕ್ಯಾನಿಕರು ಕರೆಯುವ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಪಿನಿಯನ್ನಿನ ಅಕ್ಷ ಕ್ರೌನಿನ ಅಕ್ಷಕ್ಕಿಂತ ಸ್ವಲ್ಪ ಕೆಳಗಿರುವ ಜೋಡಣೆಗೆ ಹೈಪಾಯ್ಡ್ ಎಂದು ಹೆಸರು. 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಈ ಜೋಡಣೆ ಇಂದು ಸರ್ವಸಾಮಾನ್ಯವಾಗಿದೆ. ಇದರಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಉಜ್ಜಿಕೊಂಡು ಜಾರುತ್ತವೆ. ಉಜ್ಜುವಿಕೆ ಇದ್ದಲ್ಲಿ ಘರ್ಷಣೆ, ಘರ್ಷಣೆ ಇದ್ದಲ್ಲಿ ಶಾಖ. ಹಿಂದಿನ ಕಾಲದಲ್ಲಿ ಗಾಡಿಯವರು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದಂತೆ, ಇಲ್ಲಿಯೂ ಎರಡು ಮೂರು ಲೀಟರಿನಷ್ಟು ವಿಶೇಷವಾದ ಗೇರ್ ಎಣ್ಣೆಯನ್ನು ತುಂಬಿರುತ್ತಾರೆ. ಕ್ರೌನ್ ಚಕ್ರದ ಕೆಳಭಾಗ ಆ ಎಣ್ಣೆಯಲ್ಲಿ ಮುಳುಗಿ, ಅದನ್ನು ಮೇಲಕ್ಕೆತ್ತಿ ಎಲ್ಲೆಡೆಗೂ ಎರಚುತ್ತದೆ.

ಇಲ್ಲಿ ಹುಟ್ಟುವ ಶಾಖ ಎಷ್ಟು? ಅರಿಜೋನದಲ್ಲಿಯೇ ಇರುವ ಡೇವಿಸ್ ಡ್ಯಾಮ್ ಏರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಟ್ರೈಲರು ಎಳೆಯುವ ಸಾಮರ್ಥ್ಯವನ್ನು ನಿರ್ಧರಿಸಲು ಜೆ 2807 ಎಂಬ ಪರೀಕ್ಷಾಕ್ರಮವನ್ನು ಗೊತ್ತುಪಡಿಸಿದೆ. ಅದರಲ್ಲಿ ಈ ಏರಿಗೆ ಮುಖ್ಯ ಸ್ಥಾನವಿದೆ. ಸುಮಾರು 18 ಕಿಲೋಮೀಟರ್ ಉದ್ದದ ಆ ರಸ್ತೆ ಸುಮಾರು 900 ಮೀಟರ್ ಎತ್ತರಕ್ಕೆ ಏರುತ್ತದೆ. ಸುತ್ತಣ ಗಾಳಿ ಸುಮಾರು 38 ಡಿಗ್ರಿ ಸೆಲ್ಸಿಯಸ್ಸಾದರೂ ಇರುವಾಗ, ತಂಪುಯಂತ್ರವನ್ನು ಪೂರ್ತಿ ನಡೆಸುತ್ತ, ಪೂರ್ಣ ಭಾರವನ್ನು ಎಳೆದುಕೊಂಡು ಸಾಮಾನ್ಯ ಪಿಕಪ್ಪು ಗಂಟೆಗೆ 64 ಕಿಲೋಮೀಟರಿಗೆ ಕಡಿಮೆಯಾಗದ ವೇಗದಲ್ಲಿ ಇದನ್ನು ಹತ್ತಬೇಕು. ಆ ವೇಗದಲ್ಲಿ ಹತ್ತಲು ಸುಮಾರು 17 ನಿಮಿಷ ಹಿಡಿಯುತ್ತದೆ.

ಟ್ರಕ್ಕು ಟ್ರೈಲರುಗಳ ಒಟ್ಟು ತೂಕ 6 ಟನ್ ಎಂದುಕೊಳ್ಳೋಣ. ಅಷ್ಟು ತೂಕವನ್ನು 900 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 5 ಕೋಟಿ 30 ಲಕ್ಷ ಜೌಲ್. ಅದನ್ನು 17 ನಿಮಿಷಗಳಿಗೆ ಹಂಚಿದರೆ ಸೆಕೆಂಡಿಗೆ 52,000 ಜೌಲ್, ಎಂದರೆ 52 ಕಿಲೋವಾಟ್. ಗಾಳಿಯ ಮತ್ತು ರಸ್ತೆಯ ಪ್ರತಿರೋಧವನ್ನೂ ಕೂಡಿಸಿ ದುಂಡಾಗಿ 70 ಕಿಲೋವಾಟ್ ಎನ್ನೋಣ. ಹಿಂದಿನ ಅಚ್ಚಿನ ಗೇರುಗಳು ಇದರಲ್ಲಿ ನೂರಕ್ಕೆ ಮೂರರಷ್ಟನ್ನು ಶಾಖವಾಗಿ ಕಳೆದುಬಿಡುತ್ತವೆಂದು ಇಟ್ಟುಕೊಂಡರೆ ಆ ಶಾಖ 2,100 ವಾಟ್ ಆಗುತ್ತದೆ. ಸ್ನಾನದ ಮನೆಯ ಗೀಸರೊಂದು ಅಚ್ಚಿನೊಳಗೆ ಉರಿಯುತ್ತಿದ್ದಂತೆ! ಆದುದರಿಂದ ಡಿಫರೆನ್ಷಿಯಲ್ಲು ಬಿಸಿಯಾಗುತ್ತದೆಂಬ ಮಾರಾಟಗಾರರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಪ್ರಶ್ನೆ ಇರುವುದು, ಹೊಸ ಮುಚ್ಚಳದಿಂದ ಅದು ಎಷ್ಟು ತಣ್ಣಗಾಗುತ್ತದೆಂಬುದರಲ್ಲಿ.

ಈಗ ನಮ್ಮ ಮೊದಲನೆಯ ವಾದವನ್ನು, ಎಂದರೆ ಅಲ್ಯುಮಿನಿಯಮ್ಮಿನ ಉಷ್ಣವಾಹಕತೆಯನ್ನು, ಪರೀಕ್ಷಿಸೋಣ. ಶಾಖ ಎಣ್ಣೆಯಿಂದ ಹೊರಗಣ ಗಾಳಿಗೆ ಸೇರಬೇಕಾದರೆ ಮೂರು ಬಾಗಿಲುಗಳನ್ನು ದಾಟಬೇಕು: ಎಣ್ಣೆಯಿಂದ ಲೋಹಕ್ಕೆ, ಲೋಹದ ಒಳಮೈಯಿಂದ ಹೊರಮೈಗೆ, ಹೊರಮೈಯಿಂದ ಗಾಳಿಗೆ. ನಡುವಣ ಬಾಗಿಲಿನ ನಿಯಮವನ್ನು ಫೂರಿಯೆ 1822ರ ತನ್ನ ಗ್ರಂಥದಲ್ಲಿ ಹೇಳಿದ. ಕೊನೆಯ ಬಾಗಿಲಿನ ವಿಷಯವನ್ನು ನ್ಯೂಟನ್ 1701ರಲ್ಲಿಯೇ ಪ್ರಸ್ತಾಪಿಸಿದ್ದ. ಬೀಸುವ ಗಾಳಿಗೆ ಒಡ್ಡಿದ ಒಂದು ಚದರ ಮೀಟರ್ ಮೈ, ಗಾಳಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಇದ್ದರೆ, ಸುಮಾರು 50 ವಾಟ್ ಶಾಖವನ್ನು ಬಿಟ್ಟುಕೊಡುತ್ತದೆಂದು ತೆಗೆದುಕೊಳ್ಳಬಹುದು. ಮೈ ಗಾಳಿಗಿಂತ 70 ಡಿಗ್ರಿ ಬಿಸಿ ಇದ್ದರೆ ಚದರ ಮೀಟರಿಗೆ 3,500 ವಾಟ್ ಆಯಿತು. ಇಷ್ಟು ಶಾಖವನ್ನು 3 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ಮೂಲಕ ಹರಿಸಲು ಅದರ ಒಳಮೈಗೂ ಹೊರಮೈಗೂ ಎಷ್ಟು ವ್ಯತ್ಯಾಸವಿರಬೇಕು? ಲೆಕ್ಕ ಮಾಡಿದರೆ ದೊರೆಯುವುದು ಒಂದು ಡಿಗ್ರಿಯ ಐದನೆಯ ಒಂದು ಭಾಗ ಮಾತ್ರ!

ಗಾಳಿಯ ಬಾಗಿಲಿನಲ್ಲಿ 70 ಡಿಗ್ರಿ; ಉಕ್ಕಿನ ಬಾಗಿಲಿನಲ್ಲಿ ಡಿಗ್ರಿಯ ಐದನೆಯ ಒಂದು ಭಾಗ. ಉಕ್ಕನ್ನು ತೆಗೆದು ಅಲ್ಯುಮಿನಿಯಮ್ಮನ್ನು ಹಾಕಿದರೆ ಉಳಿತಾಯವಾಗುವುದು ಈ ಐದನೆಯ ಒಂದು ಭಾಗದಲ್ಲಿಯೇ ಹೊರತು ಎಪ್ಪತ್ತರಲ್ಲಿ ಅಲ್ಲ. ಅದರಲ್ಲಿಯೂ ಎರಕ ಹೊಯ್ದ ಅಲ್ಯುಮಿನಿಯಮ್ ಮುಚ್ಚಳ ಉಕ್ಕಿನ ತಗಡಿಗಿಂತ ಎರಡರಷ್ಟು ದಪ್ಪವಿರುವುದರಿಂದ ಮೂರು ಮಡಿಯ ಮೇಲುಗೈ ಒಂದೂವರೆ ಮಡಿಗೆ ಇಳಿಯುತ್ತದೆ. ಜಾತ್ರೆಯ ದಿನ ದೇವಾಲಯದಲ್ಲಿ ಜನಸಂದಣಿ ಕಟ್ಟಿಕೊಂಡು ನಿಲ್ಲುವುದು ಗರ್ಭಗುಡಿಯ ಕಿರುಬಾಗಿಲಿನ ಮುಂದೆ. ಅದನ್ನು ಕಂಡು ಯಾರಾದರೂ ಮಹಾದ್ವಾರವನ್ನು ಒಡೆದು ಅಗಲ ಮಾಡಿಸಿದರೆ ದರ್ಶನ ಬೇಗ ಆಗುವುದೆ? ನಾವು ನಮ್ಮ ವಿದ್ಯಾರ್ಥಿಗೆ ಮಾಡಿದ ಉಪದೇಶ ಇಂತಹುದೇ. ನಾವು ಹೇಳಿದ ಸಂಗತಿ ನಿಜ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಇದನ್ನು ನಂಬಲು ಯಾರೂ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಒಂದೇ ಅಳತೆಯ ಒಂದು ಸ್ಟೀಲ್ ಪಾತ್ರೆಯನ್ನೂ ಒಂದು ಅಲ್ಯುಮಿನಿಯಮ್ ಪಾತ್ರೆಯನ್ನೂ ತೆಗೆದುಕೊಂಡು, ಸಮಪ್ರಮಾಣದ ಬಿಸಿನೀರನ್ನು ತುಂಬಿ, ಮುಚ್ಚಳ ಮುಚ್ಚಿ, ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ಎರಡೂ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಆರುವುದನ್ನು ಕಾಣುವಿರಿ. ಅನಂತರ ಒಂದರ ಮುಂದೆ ಮಾತ್ರ ಬೀಸಣಿಗೆಯನ್ನು ಇಡಿ. ಆಗ ಯಾವ ಬಾಗಿಲು ಕಿರಿದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಎರಡನೆಯ ವಾದ, ರೆಕ್ಕೆಗಳದು. ಮೋಟಾರು ಸೈಕಲ್ಲಿನ ಎಂಜಿನ್ನಿನ ಮೈಮೇಲೆ ಸಾಲಾಗಿ ಕಾಣುವ ಲೋಹದ ಪಟ್ಟಿಗಳೇ ಈ ರೆಕ್ಕೆಗಳು. ಇವು ಗಾಳಿಯ ಬಾಗಿಲನ್ನೇ ಅಗಲ ಮಾಡುತ್ತವೆಯಾದುದರಿಂದ ಈ ವಾದದಲ್ಲಿ ತಿರುಳಿದೆ. ಆದರೆ ತಂಪು ಮಾಡುವ ಹೊಣೆ ಮುಚ್ಚಳವೊಂದರದೇ ಅಲ್ಲವೆಂಬುದನ್ನು ಮರೆಯಬಾರದು. ನಡುವಣ ಎರಕದ ಉಬ್ಬು, ಎಡಬಲಗಳ ಉದ್ದನೆಯ ಕೊಳವೆಗಳು ಇವೆಲ್ಲ ಸೇರಿ ಅಚ್ಚಿನ ಹೊರಮೈ ಸ್ಥೂಲವಾಗಿ 0.6 ಚದರ ಮೀಟರ್ ಎನ್ನಬಹುದು. ಅದರಲ್ಲಿ ಮುಚ್ಚಳದ ಪಾಲು 0.1, ಎಂದರೆ ಆರರಲ್ಲಿ ಒಂದು. ರೆಕ್ಕೆಗಳಿಂದ ಈ ಒಂದು ಪಾಲು ಎರಡಾದರೆ ಒಟ್ಟು ಆರು ಪಾಲು ಏಳಾಗುತ್ತದೆ. ಮೊದಲು ಗಾಳಿಗಿಂತ 70 ಡಿಗ್ರಿ ಮೇಲೇರುತ್ತಿದ್ದ ಅಚ್ಚು ಈಗ 60 ಡಿಗ್ರಿ ಏರುತ್ತದೆ. ಹತ್ತು ಡಿಗ್ರಿಯ ಲಾಭ. ಎಣ್ಣೆಯ ಬಾಗಿಲಿನ ತಡೆಯನ್ನು ನಾವು ಇಲ್ಲಿ ಗಣಿಸಿಲ್ಲ. ಮುಚ್ಚಳ ಅಚ್ಚಿನ ಹಿಂಬದಿಯಲ್ಲಿ, ಎದುರುಗಾಳಿಯ ಮರೆಯಲ್ಲಿ ಇರುವುದನ್ನೂ ಗಣಿಸಿಲ್ಲ. ಈ ಎರಡೂ ಲಾಭವನ್ನು ಕಡಿಮೆ ಮಾಡುವಂತಹವು. ಆದುದರಿಂದ ಹತ್ತು ಡಿಗ್ರಿ ಎಂಬುದು ಉದಾರವಾದ ಅಂದಾಜು.

ಅಷ್ಟೇ ಅಲ್ಲ. ಅಚ್ಚು ತನ್ನ ಕೊನೆಯ ಉಷ್ಣತೆಯನ್ನು ಒಡನೆಯೇ ಮುಟ್ಟುವುದಿಲ್ಲ. ಸುಮಾರು 80 ಕಿಲೋಗ್ರಾಂ ಕಬ್ಬಿಣ ಮೊದಲು ಕಾಯಬೇಕು. ಅದನ್ನೂ ಎಣ್ಣೆಯನ್ನೂ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 42,000 ಜೌಲ್ ಬೇಕು. 2,100 ವಾಟಿನ ಶಾಖ ಮೊದಲ ಕ್ಷಣಗಳಲ್ಲಿ ಅದನ್ನು ನಿಮಿಷಕ್ಕೆ ಮೂರು ಡಿಗ್ರಿಯಂತೆ ಏರಿಸುತ್ತದೆ. ಮುಚ್ಚಳ ಯಾವುದಾದರೂ ಸರಿಯೆ. ಹೀಗೆ ಲೆಕ್ಕವನ್ನು ಮುಂದುವರಿಸಿದರೆ, ತಣ್ಣಗಿದ್ದ ಅಚ್ಚು 17 ನಿಮಿಷಗಳ ಏರು ಮುಗಿಯುವ ವೇಳೆಗೆ ಹಳೆಯ ಮುಚ್ಚಳದೊಡನೆ ಸುಮಾರು 36 ಡಿಗ್ರಿಯನ್ನೂ ಹೊಸದರೊಡನೆ ಸುಮಾರು 34 ಡಿಗ್ರಿಯನ್ನೂ ಏರಿರುತ್ತದೆ. ಸಮತಟ್ಟಾದ ದಾರಿಯಲ್ಲಿ ಬಂದು ಮೊದಲೇ ಬೆಚ್ಚಗಾಗಿದ್ದರೆ ವ್ಯತ್ಯಾಸ ನಾಲ್ಕು ಡಿಗ್ರಿಯಾಗಬಹುದು. ಅಮೆರಿಕದ ಹೆಸರಾಂತ ಕಠಿಣವಾದ ಏರೊಂದರಲ್ಲಿ, ಕಡುಬೇಸಗೆಯಲ್ಲಿ, ಪೂರ್ಣ ಭಾರದೊಡನೆ ದೊರೆಯುವ ಲಾಭ ಇಷ್ಟು. ಬರಿದಾದ ಟ್ರಕ್ಕಿನಲ್ಲಿ ಕಚೇರಿಗೆ ಹೋಗಿ ಬರುವವನಿಗೆ ದೊರೆಯುವುದು ಇನ್ನೆಷ್ಟು?

ಮೂರನೆಯ ವಾದ, ಹೆಚ್ಚು ಎಣ್ಣೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಒಲೆಯ ಮೇಲೆ ದೊಡ್ಡ ಹಂಡೆ ನಿಧಾನವಾಗಿ ಕಾಯುತ್ತದೆ, ಸಣ್ಣ ತಪ್ಪಲೆ ಬೇಗ ಕಾಯುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಹೆಚ್ಚಿನ ಎಣ್ಣೆ ಉಷ್ಣತೆಯ ಏರಿಕೆಯನ್ನು ತಡ ಮಾಡೀತೇ ಹೊರತು, ಹುಟ್ಟುವ ಶಾಖವೂ ಹೋಗುವ ಶಾಖವೂ ಸಮನಾದ ಮೇಲೆ ನಿಲ್ಲುವ ಉಷ್ಣತೆಯನ್ನು ಇಳಿಸಲಾರದು. ತಡವಾದರೂ ಎಷ್ಟು? ಒಂದು ಲೀಟರ್ ಎಣ್ಣೆಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸುಮಾರು 1,700 ಜೌಲ್. 42,000ದ ಮುಂದೆ ಇದು ನೂರಕ್ಕೆ ನಾಲ್ಕು. ಇಪ್ಪತ್ತು ನಿಮಿಷದಲ್ಲಿ ಆಗುತ್ತಿದ್ದ ಏರಿಕೆ ಇಪ್ಪತ್ತೊಂದು ನಿಮಿಷಕ್ಕೆ ಆಗುತ್ತದೆ. ಎಣ್ಣೆ ತುಂಬುವ ತೂತು ಮೂಲದ್ದಕ್ಕಿಂತ ಎತ್ತರದಲ್ಲಿದ್ದರಂತೂ ಕ್ರೌನ್ ಚಕ್ರ ಹೆಚ್ಚು ಆಳದಲ್ಲಿ ಮುಳುಗಿ ಎಣ್ಣೆಯನ್ನು ಕಡೆಯತೊಡಗುತ್ತದೆ. ಕಡೆದಷ್ಟೂ ಶಾಖ ಹೆಚ್ಚು. ತಂಪು ಮಾಡಲೆಂದು ಹಾಕಿದ ಎಣ್ಣೆಯೇ ಬಿಸಿಗೆ ಕಾರಣವಾಗಬಹುದು.

ಮುಚ್ಚಳದ ಆಕಾರದ ವಿಷಯದಲ್ಲಿಯೂ ಎಚ್ಚರ ಬೇಕು. ವಾಹನ ಮುಂದೆ ಸಾಗುವಾಗ ಕ್ರೌನ್ ಚಕ್ರದ ಹಿಂಬದಿ ಮೇಲ್ಮುಖವಾಗಿ ಚಲಿಸುತ್ತದೆ. ಅದು ಎತ್ತಿದ ಎಣ್ಣೆ ಮುಚ್ಚಳದ ದುಂಡನೆಯ ಒಳಮೈಯನ್ನು ಅನುಸರಿಸಿ ಮೇಲೇರಿ, ಮುಂದಕ್ಕೆ ಹರಿದು ಪಿನಿಯನ್ನಿನ ಬೇರಿಂಗುಗಳನ್ನು ತಲಪುತ್ತದೆ. ಮೂಲ ತಯಾರಕರ ಅಗ್ಗದ ತಗಡು ದುಂಡಗಿರುವುದು ಅಂದಕ್ಕಾಗಿ ಅಲ್ಲ. ಹೆಚ್ಚು ಎಣ್ಣೆ ಹಿಡಿಯಲಿ ಎಂದು ಹಿಂಭಾಗವನ್ನು ಚಪ್ಪಟೆ ಮಾಡಿದ ಮುಚ್ಚಳದಲ್ಲಿ ಈ ಹರಿವು ಕದಡಿ, ಎಣ್ಣೆ ನೊರೆಯಾಗುವ ಸಂಭವವಿದೆ. 2018-19ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದ ಗೇಲ್ ಬ್ಯಾಂಕ್ಸ್ ಎಂಬ ಎಂಜಿನ್ ತಜ್ಞರು ಈ ದೋಷವನ್ನು ಚಲಚ್ಚಿತ್ರಗಳ ಮೂಲಕ ಸಾರ್ವಜನಿಕರ ಮುಂದಿಟ್ಟಾಗ ಅಲ್ಲಿನ ಪಿಕಪ್ ಪ್ರಿಯರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಅವರೂ ತಮ್ಮದೇ ಮುಚ್ಚಳವನ್ನು ಮಾರುವವರೆಂಬುದನ್ನು ಓದುಗರು ಗಮನದಲ್ಲಿಡಬೇಕು. ಆದರೂ ಅವರು ಎತ್ತಿದ ಪ್ರಶ್ನೆ ಭೌತಶಾಸ್ತ್ರದ ದೃಷ್ಟಿಯಿಂದ ಯುಕ್ತವಾದುದೇ.

ಹಾಗಾದರೆ ನಮ್ಮ ವಿದ್ಯಾರ್ಥಿಯ ಮಾಪಕ ಹೊಸ ಮುಚ್ಚಳವನ್ನು ಅಷ್ಟು ತಣ್ಣಗೆ ತೋರಿಸಿದ್ದೇಕೆ? ಆ ವಿದ್ಯಾರ್ಥಿನಿ ಕೇಳಿದ್ದು ಇದನ್ನೇ. ಅವರಕ್ತ ಮಾಪಕ ವಸ್ತುವನ್ನು ಮುಟ್ಟುವುದಿಲ್ಲ. ಅದು ಹೊರಸೂಸುವ ವಿಕಿರಣವನ್ನು ಅಳೆದು ಅದರಿಂದ ಉಷ್ಣತೆಯನ್ನು ಊಹಿಸುತ್ತದೆ. ಕಪ್ಪು ಬಣ್ಣ ಬಳಿದ ಮೈ ಧಾರಾಳವಾಗಿ ವಿಕಿರಣವನ್ನು ಸೂಸುತ್ತದೆ. ಹೊಳೆಯುವ ಅಲ್ಯುಮಿನಿಯಮ್ ಮಹಾ ಜಿಪುಣ. ಅಷ್ಟೇ ಬಿಸಿ ಇದ್ದರೂ ಅದರ ಹತ್ತರಲ್ಲೊಂದು ಪಾಲನ್ನು ಸೂಸಿದರೆ ಹೆಚ್ಚು. ಮಾಪಕ ಇದನ್ನು ಅರಿಯದೆ, ಮೈ ತಣ್ಣಗಿದೆಯೆಂದು ಸಾರುತ್ತದೆ. ಹಳೆಯ ಮುಚ್ಚಳಕ್ಕೆ ಕಪ್ಪು ಬಣ್ಣವಿದ್ದಿತು. ಹೊಸದು ಬರಿಯ ಲೋಹ. ವೈರಿಂಗ್ ಕೆಲಸದವರು ಬಳಸುವ ಕಪ್ಪು ಟೇಪಿನ ಒಂದು ತುಂಡನ್ನು ಹೊಸ ಮುಚ್ಚಳದ ಮೇಲೆ ಅಂಟಿಸಿ, ಅದೇ ದಾರಿಯಲ್ಲಿ ಹೋಗಿ ಬಂದು, ಟೇಪಿನ ಮೇಲೆ ಮಾಪಕವನ್ನು ಹಿಡಿಯುವಂತೆ ನಾವು ಆತನಿಗೆ ಬರೆದೆವು. ವಾರದೊಳಗೆ ಉತ್ತರ ಬಂದಿತು. “ಸರ್, ಟೇಪಿನ ಮೇಲೆ ಒಂದು, ಪಕ್ಕದ ಲೋಹದ ಮೇಲೆ ಮತ್ತೊಂದು ತೋರಿಸುತ್ತಿದೆ. ಟೇಪಿನ ಅಂಕಿಗೂ ಹಳೆಯ ಮುಚ್ಚಳದ ಅಂಕಿಗೂ ಹೆಚ್ಚಿನ ಅಂತರವಿಲ್ಲ. ನನ್ನ ಮುನ್ನೂರು ಡಾಲರು ಹೋಯಿತೆ?” ಎಂದು ಆತ ಕೇಳಿದ್ದ. ಅಲ್ಯುಮಿನಿಯಮ್ಮಿನ ಗುಣವನ್ನು ಹೊಗಳಿದವರು ನಾವು. ಅದರ ಇನ್ನೊಂದು ಗುಣ ನಮಗೆ ಹೀಗೆ ಬುದ್ಧಿ ಕಲಿಸಿತು.

ಇಷ್ಟರಿಂದ ಎಲ್ಲ ಮುಚ್ಚಳಗಳೂ ವ್ಯರ್ಥವೆಂದು ನಾವು ತೀರ್ಪು ಕೊಡುವುದಿಲ್ಲ. ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಆಲಿಸಬೇಕು. ಉಷ್ಣತೆ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಗಳು ಬಹು ಬೇಗನೆ ತೀವ್ರಗೊಳ್ಳುತ್ತವೆ. ಈ ಸಂಬಂಧವನ್ನು ಅರ್ಹೀನಿಯಸ್ 1889ರಲ್ಲಿ ಸಮೀಕರಣವಾಗಿ ಬರೆದ. ಹತ್ತು ಡಿಗ್ರಿ ಹೆಚ್ಚಿದರೆ ಎಣ್ಣೆ ಎರಡರಷ್ಟು ಬೇಗ ಕೆಡುತ್ತದೆಂಬುದು ಎಂಜಿನಿಯರುಗಳು ಬಳಸುವ ಸ್ಥೂಲವಾದ ನಿಯಮ. ಹಾಗಿರುವಾಗ ದಿನವಿಡೀ ಮರುಭೂಮಿಯ ಏರುಗಳಲ್ಲಿ ಭಾರ ಎಳೆಯುವವನಿಗೆ ಹತ್ತು ಡಿಗ್ರಿಯೂ ಅಲಕ್ಷಿಸುವಂತಹುದಲ್ಲ. ಕೆಲವು ಭಾರಿ ಪಿಕಪ್ಪುಗಳಿಗೆ ತಯಾರಕರೇ ರೆಕ್ಕೆಯ ಅಲ್ಯುಮಿನಿಯಮ್ ಮುಚ್ಚಳವನ್ನು ಹಾಕಿ ಕೊಡುವುದೂ ಉಂಟು. ಆದರೆ ಅಂತಹ ದುಡಿಮೆಯ ವಾಹನಕ್ಕೂ ಎಣ್ಣೆಯನ್ನು ಹೆಚ್ಚು ಸಲ ಬದಲಾಯಿಸುವುದು ಇದಕ್ಕಿಂತ ನೇರವಾದ ಉಪಾಯ. ಒಂದು ಮುಚ್ಚಳದ ಬೆಲೆಗೆ ಹಲವು ಸಲ ಎಣ್ಣೆಯನ್ನು ಬದಲಾಯಿಸಬಹುದು. ಚಳಿನಾಡಿನಲ್ಲಾದರೋ ಎಣ್ಣೆ ಬೇಗ ಬೆಚ್ಚಗಾಗುವುದೇ ಲೇಸು. ತಣ್ಣನೆಯ ಗಟ್ಟಿ ಎಣ್ಣೆಯನ್ನು ಕಲಕಲು ವ್ಯಯವಾಗುವುದು ಪೆಟ್ರೋಲೇ ತಾನೆ.

ಹೊಸ ಮುಚ್ಚಳ ನಿಜವಾಗಿ ಬೆಲೆಬಾಳುವ ಸಂದರ್ಭಗಳು ನಮಗೆ ಕಾಣುವಂತೆ ನಾಲ್ಕು. ಮೊದಲನೆಯದು, ಕ್ಯಾಲಿಫೋರ್ನಿಯದ ರೂಬಿಕಾನ್ ಜಾಡಿನಂತಹ ಬಂಡೆಗಳ ದಾರಿಯಲ್ಲಿ ವಾಹನ ಓಡಿಸುವವರದು. ಬಂಡೆ ತಾಗಿ ತೆಳು ತಗಡು ಒಳಕ್ಕೆ ತಗ್ಗಾದರೆ ಅದು ಕ್ರೌನ್ ಚಕ್ರಕ್ಕೇ ಉಜ್ಜಬಹುದು, ಇಲ್ಲವೆ ಸೀಳಿ ಎಣ್ಣೆ ಸೋರಿಹೋಗಬಹುದು. ಅಂತಹವರಿಗೆ ದಪ್ಪನೆಯ ಉಕ್ಕಿನ ಅಥವಾ ಎರಕದ ಕಬ್ಬಿಣದ ಮುಚ್ಚಳ ಕವಚವಿದ್ದಂತೆ. ಎರಡನೆಯದು, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ಸಂಸ್ಥಾನಗಳದು. ಅಲ್ಲಿ ತಗಡು ತುಕ್ಕು ಹಿಡಿದು ತೂತು ಬೀಳುತ್ತದೆ. ಹೇಗೂ ಬದಲಾಯಿಸಬೇಕಾದಾಗ ಗಟ್ಟಿಯಾದುದನ್ನು ಹಾಕಿಸುವುದು ಜಾಣತನ. ಮೂರನೆಯದು, ಪಂದ್ಯದ ವಾಹನಗಳದು. ಕೆಲವು ಮುಚ್ಚಳಗಳಲ್ಲಿ ಬೇರಿಂಗಿನ ಹಿಡಿಗಳನ್ನು ಒತ್ತಿ ಹಿಡಿಯುವ ಬೋಲ್ಟುಗಳಿದ್ದು, ಒಮ್ಮೆಗೇ ಬೀಳುವ ಭಾರಿ ಬಲಕ್ಕೆ ಅವು ಆಸರೆಯಾಗುತ್ತವೆ. ನಾಲ್ಕನೆಯದು ಬರಿಯ ಅನುಕೂಲ. ಅನೇಕ ಮೂಲ ಮುಚ್ಚಳಗಳಲ್ಲಿ ಎಣ್ಣೆ ಬಸಿಯುವ ತೂತೇ ಇರುವುದಿಲ್ಲ; ಎಣ್ಣೆ ಬದಲಾಯಿಸಲು ಇಡೀ ಮುಚ್ಚಳವನ್ನು ಬಿಚ್ಚಬೇಕು. ಹೊಸದರಲ್ಲಿ ಬಿರಡೆ ಇರುತ್ತದೆ. ಕೆಲಸ ಸುಲಭವಾದರೆ ಮನುಷ್ಯ ಅದನ್ನು ಕಾಲಕ್ಕೆ ಸರಿಯಾಗಿ ಮಾಡುತ್ತಾನೆ.

ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಸಾಮಾನ್ಯ ಪಿಕಪ್ಪಿನ ಒಡೆಯನಿಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ. ತಯಾರಕರು ಒಂದು ವಾಹನಕ್ಕೆ ಗೊತ್ತುಪಡಿಸುವ ಭಾರದ ಮಿತಿ ಅದರ ಮೂಲ ಮುಚ್ಚಳದೊಡನೆಯೇ ನಿರ್ಧಾರವಾದುದು. ಆ ಮಿತಿಯನ್ನು ಮೀರದೆ, ಹೇಳಿದ ಎಣ್ಣೆಯನ್ನು ಹೇಳಿದ ಕಾಲಕ್ಕೆ ಹಾಕುತ್ತ ಬಂದವನಿಗೆ ಈ ಮುಚ್ಚಳದಿಂದ ಆಗಬೇಕಾದುದು ಹೆಚ್ಚೇನೂ ಇಲ್ಲ. ಮುಚ್ಚಳದ ಮೇಲಣ ಹೊಳಪನ್ನು ನೋಡಿ ಸಂತೋಷಪಡುವವರಿಗೆ ನಾವು ಅಡ್ಡ ಬರುವುದಿಲ್ಲ. ಆದರೆ ಅದನ್ನು ಅಲಂಕಾರವೆಂದೇ ಕರೆಯಲಿ, ತಂಪುಕಾರಕವೆಂದು ಕರೆಯದಿರಲಿ.

ದೂರದ ಅಮೆರಿಕದ ಈ ವಿಚಾರದಿಂದ ನಮಗೇನು ಎಂದು ಕೆಲವು ಓದುಗರು ಕೇಳಬಹುದು. ನಮ್ಮ ಲಾರಿ ಬಸ್ಸುಗಳ ಹಿಂದಿನ ಅಚ್ಚಿನಲ್ಲಿ ಗೇರುಗಳನ್ನು ಸಾಮಾನ್ಯವಾಗಿ ಮುಂಬದಿಯಿಂದ ಬಿಚ್ಚುತ್ತಾರೆ. ಹಿಂಬದಿಯ ದುಂಡನೆಯ ಉಬ್ಬನ್ನು ಬೆಸೆದೇ ಇರುತ್ತಾರೆ. ಆದುದರಿಂದ ಈ ಮುಚ್ಚಳದ ವ್ಯಾಪಾರ ಇಲ್ಲಿ ಬೆಳೆದಿಲ್ಲ. ಆದರೆ ಇದೇ ಬಗೆಯ ವಾದಸರಣಿ ನಮ್ಮ ಅಂಗಡಿಗಳಲ್ಲಿ ದಿನವೂ ಕೇಳಿಬರುತ್ತದೆ. ಒಂದು ನಿಜವಾದ ವೈಜ್ಞಾನಿಕ ಸಂಗತಿಯನ್ನು ಮುಂದಿಟ್ಟು, ಅದಕ್ಕೆ ಸಂಬಂಧವಿಲ್ಲದ ಒಂದು ಲಾಭವನ್ನು ಅದರ ಬೆನ್ನಿಗೆ ಕಟ್ಟಿ ಮಾರುವುದು ಹಳೆಯ ಉಪಾಯ. ಸುಳ್ಳನ್ನು ಗುರುತಿಸುವುದು ಸುಲಭ. ಸ್ಥಾನ ತಪ್ಪಿದ ನಿಜವನ್ನು ಗುರುತಿಸುವುದು ಕಷ್ಟ. ಅಲ್ಯುಮಿನಿಯಮ್ ಉತ್ತಮ ಉಷ್ಣವಾಹಕ ಎಂಬುದು ಹೈಸ್ಕೂಲಿನ ಪಾಠ. ಇಲ್ಲಿ ವಾಹಕತೆಯಿಂದ ಏನಾದರೂ ಆಗುವುದೆ ಎಂದು ಕೇಳುವುದೇ ವಿಜ್ಞಾನ. ಅದಕ್ಕೆ ದೊಡ್ಡ ಗಣಿತವೇನೂ ಬೇಡ. ಮೂರು ಬಾಗಿಲುಗಳಲ್ಲಿ ಕಿರಿದಾದುದು ಯಾವುದು ಎಂದು ಅಳೆದು ನೋಡುವ ತಾಳ್ಮೆ ಸಾಕು. ಆ ತಾಳ್ಮೆ ಎರಡು ತರಗತಿಗಳ ನಡುವೆ ನಮಗೆ ಇಲ್ಲವಾಯಿತು. ಹಿಂದಿನ ಸಾಲಿನ ವಿದ್ಯಾರ್ಥಿನಿಗೆ ಇದ್ದಿತು.

ನಮ್ಮ ಲೆಕ್ಕವೆಲ್ಲವನ್ನೂ ನಕಲು ಮಾಡಿ, ಕ್ಷಮೆಯಾಚನೆಯೊಡನೆ ಅರಿಜೋನಕ್ಕೆ ಕಳುಹಿಸಿದೆವು. ಮುಚ್ಚಳದ ಒಳಮೈ ದುಂಡಗಿದೆಯೆ, ಎಣ್ಣೆಯ ಮಟ್ಟ ಮೊದಲಿನಷ್ಟೇ ಇದೆಯೆ ಎಂದು ನೋಡಿಕೊಳ್ಳಲೂ ತಿಳಿಸಿದೆವು. ಎರಡೂ ಸರಿಯಾಗಿವೆಯೆಂದು ಆತ ಬರೆದ. “ಮುಚ್ಚಳ ಅಲ್ಲಿಯೇ ಇರಲಿ ಸರ್, ಎಣ್ಣೆ ಬದಲಾಯಿಸುವುದು ಈಗ ಬಹಳ ಸುಲಭವಾಗಿದೆ. ಮುನ್ನೂರು ಡಾಲರನ್ನು ನಾನು ವಾಹನದ ಖರ್ಚಿನಲ್ಲಿ ಬರೆದಿಲ್ಲ, ವಿದ್ಯಾಭ್ಯಾಸದ ಖರ್ಚ��ನಲ್ಲಿ ಬರೆದುಕೊಂಡಿದ್ದೇನೆ” ಎಂದು ಕೊನೆಯಲ್ಲಿ ಸೇರಿಸಿದ್ದ.

ಅವನ ದೊಡ್ಡತನಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅಂಕ ಕಳೆಯುವ ಕೆಲಸ ಇನ್ನೂ ಉಳಿದಿದೆಯಷ್ಟೆ. ನಮ್ಮ ಮೊದಲ ಉತ್ತರವನ್ನು ಪರೀಕ್ಷೆಯ ಉತ್ತರಪತ್ರಿಕೆಯೆಂದು ಭಾವಿಸಿ ತಿದ್ದಿದ್ದೇವೆ. ಸಂಗತಿಗಳು ಸರಿ, ರೆಕ್ಕೆಯ ಮಾತಿನಲ್ಲಿ ಅಲ್ಪ ಹುರುಳು; ಲೆಕ್ಕ ಇಲ್ಲ, ತೀರ್ಮಾನ ಅವಸರದ್ದು. ಹತ್ತಕ್ಕೆ ಎರಡು.